ಕಲ್ಲಂಗಡಿ ರಸಕ್ಕೆ ಎರಡು ಲೋಟ ನೀರು

ಮಾವನವರ ಗಂಟಲಿಗೆ ಆಪರೇಷನ್ ಆದ ಮೇಲೆ ಹದಿಮೂರು ದಿನ ಅವರಿಗೆ ಸೂಪ್ ಕುಡಿಸಿದ ಕೈ ನನ್ನದು. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು, ಎರಡು ನಿಮಿಷ ತಡವಾದರೆ ಗೋಡೆ ಗಡಿಯಾರದ ಕಡೆ ಬೆರಳು ತೋರಿಸುತ್ತಿದ್ದರು. ಅದನ್ನೂ ಸಹಿಸಿಕೊಂಡೆ. ಅವರು ನನ್ನೊಬ್ಬಳ ಕೈಗೆ ಮಾತ್ರ ಬಾಯಿ ತೆರೆಯುತ್ತಾರೆ ಎಂಬ ಜಂಬ ನನಗಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹದಿನಾಲ್ಕನೆಯ ದಿನ ವಾರಗಿತ್ತಿ ಅಡುಗೆಮನೆಗೆ ತಕ್ಕಡಿ ತಂದಳು. ಮೈದುನನನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ, ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ. ಕಲ್ಲಂಗಡಿ ರಸ ತೂಗಿದಳು, ಸಕ್ಕರೆ ತೂಗಿದಳು, ಫ್ರೀಜರಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆದಕಿದಳು. ಸಕ್ಕರೆ ಯಾಕೆಂದು ನನಗೆ ಪಾಠ ಹೇಳಲೂ ಬಂದಳು. ಅರ್ಧಕ್ಕೇ ಕುಕ್ಕರ್ ಕೂಗಿತೆಂದು ಎದ್ದು ಹೋದೆ. ಕುಕ್ಕರ್ ಕೂಗಿರಲಿಲ್ಲ.

ಮಾವ ಆ ಮೆತ್ತನೆಯ ಮಂಜನ್ನು ಬಟ್ಟಲು ಪೂರ್ತಿ ನುಂಗಿದರು. ಮಾತಾಡುವಂತಿಲ್ಲವೆಂದು ಕೊಟ್ಟಿದ್ದ ಸ್ಲೇಟಿನ ಮೇಲೆ ‘ನೋವೇ ಇಲ್ಲ’ ಎಂದು ಬರೆದು ಅವಳ ಕಡೆ ತಿರುಗಿಸಿದರು. ಹದಿಮೂರು ದಿನದಲ್ಲಿ ನನಗಾಗಿ ಬರೆದದ್ದು ‘ಉಪ್ಪು ಕಡಿಮೆ’ ಒಂದೇ.

ಹೊಟ್ಟೆಗೆ ಬೆಂಕಿ ಬಿತ್ತು. ಅಂದಿನಿಂದ ನನ್ನ ಸೂಪ್ ಕಂಡರೆ ಮಾವ ತುಟಿ ಬಿಗಿಯುತ್ತಿದ್ದರು. ಅತ್ತೆ ಬೇರೆ ಅಕ್ಕಪಕ್ಕದವರ ಮುಂದೆ ಚಿಕ್ಕ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು. ಒಂದು ದಿನ ವಾರಗಿತ್ತಿ ರಸವನ್ನು ಫ್ರೀಜರಿನಲ್ಲಿಟ್ಟು, ಆಗಾಗ ಕೆದಕುವಂತೆ ನನಗೆ ಹೇಳಿ ಶಾಲೆಗೆ ಹೋದಳು. ನಾನು ಕೆದಕಲಿಲ್ಲ. ಎರಡು ಲೋಟ ನೀರು ಸುರಿದು ಬಾಗಿಲು ಮುಚ್ಚಿದೆ. ಸಪ್ಪೆಯಾದರೆ ಮಾವ ಮುಖ ಸಿಂಡರಿಸಿ ಮತ್ತೆ ನನ್ನ ಸೂಪಿಗೆ ಬರುತ್ತಾರೆ ಎಂಬುದಷ್ಟೇ ನನ್ನ ಲೆಕ್ಕ.

ಸಂಜೆ ಅವಳು ಬಂದು ಡಬ್ಬಿ ತೆಗೆದರೆ ಒಳಗೆ ಇಟ್ಟಿಗೆ. ಫೋರ್ಕು ಬಾಗಿತು. ಚಾಕುವಿನಿಂದ ಎಬ್ಬಿಸಿದ ಒಂದು ಚೂರನ್ನು ಮಾವ ಆಸೆಯಿಂದ ಬಾಯಿಗಿಟ್ಟುಕೊಂಡರು. ಅದು ಗಂಟಲಿಗೆ ಚುಚ್ಚಿ ಕೆಮ್ಮಿದ್ದೇ ಕೆಮ್ಮಿದ್ದು. ಟವೆಲಿಗೆ ಒಂದಿಷ್ಟು ರಕ್ತ ಹತ್ತಿತು. ನಾನು ಸೂಪ್ ಹಿಡಿದು ಮುಂದೆ ಹೋದೆ. ಅವರು ಹೆದರಿ ಮುಖ ತಿರುಗಿಸಿದರು.

ಅಡುಗೆಮನೆಯಲ್ಲಿ ವಾರಗಿತ್ತಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ಸಕ್ಕರೆ ಕಮ್ಮಿಯಾದ್ರೆ ಹಿಂಗೆ ಕಲ್ಲಾಗುತ್ತೆ ಅಕ್ಕ. ನಾನೇ ಎಲ್ಲೋ ತೂಕ ತಪ್ಪಿದೀನಿ. ಇನ್ಮೇಲೆ ನೀವೇ ಕೊಡಿ, ನಾನು ಮಾಡಲ್ಲ.”

ನನಗೆ ಬೇಕಿದ್ದುದು ಇದೇ ಮಾತು. ಆದರೆ ಕೋಣೆಯಲ್ಲಿ ಮಾವನ ಕೆಮ್ಮು ಇನ್ನೂ ನಿಂತಿರಲಿಲ್ಲ.

“ತೂಕ ಸರಿಯಾಗೇ ಇತ್ತು,” ಎಂದೆ. “ನೀರು ಹಾಕಿದ್ದು ನಾನು.”

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ, ಅತ್ತೆಯನ್ನು ಕರೆಯುತ್ತಾಳೆ ಎಂದುಕೊಂಡೆ. ಅವಳು ತಕ್ಕಡಿಯನ್ನು ನನ್ನ ಮುಂದೆ ಸರಿಸಿ, “ಸಕ್ಕರೆ ನೀವು ತೂಗಿ ಅಕ್ಕ, ನಾನು ಹಣ್ಣು ಹೆಚ್ತೀನಿ,” ಎಂದಳು.

ಈ ವಿಷಯವನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಹೇಳಿದ್ದರೆ ನಾಲ್ಕು ದಿನ ಜಗಳವಾಡಿ ಹಗುರವಾಗುತ್ತಿದ್ದೆ. ಅಷ್ಟು ಒಳ್ಳೆಯವಳಾಗುವುದೂ ಅವಳಿಗೇ ಬರಬೇಕೇ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.