ಮೈಲಾರನ ಹೆಸರಿನ ನಾಯಿ

ದೇಶ ಸುತ್ತಬೇಕು, ಕೋಶ ಓದಬೇಕು, ನಾಯಿ ಮಾತ್ರ ಮನಿ ಕಾಯಬೇಕು. ಗಾದೆಗೆ ಈ ಬಾಲ ಕಟ್ಟಿದವ ನಾನೇ. ಆದರೆ ಮುಂದೆ ಹೇಳುವುದಕ್ಕೆ ಬಾಲವನ್ನೂ ಕಟ್ಟಿಲ್ಲ, ಕೊಂಬನ್ನೂ ಹಚ್ಚಿಲ್ಲ. ನಡೆದದ್ದು ನಡೆದ ಹಾಗೆ.

ಪರದೇಶಕ್ಕೆ ಹೋಗುವವರಿಗೆ ಹಡಗು ಬೇಕು ಅಂತಾರೆ. ನಮಗೆ ಹರಗೋಲು ಸಾಕಾಗಿತ್ತು. ಸಾವಿರದ ಒಂಬೈನೂರ ನಲವತ್ತೆಂಟನೆಯ ಇಸವಿ. ಹೊಳೆಯ ಈಚೆ ಕೊಪ್ಪಳ, ಅದು ನಿಜಾಮರ ರಾಜ್ಯ. ಆಚೆ ಬಳ್ಳಾರಿ ಜಿಲ್ಲೆ, ಅದು ಇಂಡಿಯಾ. ಬ್ಯಾಸಿಗೆಯಲ್ಲಿ ತುಂಗಭದ್ರೆ ತೆಳ್ಳಗಾದಾಗ ನಮ್ಮ ದಂಡೆಯ ಎಮ್ಮೆಗಳು ಬೆಳಿಗ್ಗೆ ಪರದೇಶಕ್ಕೆ ಮೇಯಲು ಹೋಗಿ ಸಂಜೆಗೆ ಸ್ವದೇಶಕ್ಕೆ ಬಂದು ಹಾಲು ಕೊಡುತ್ತಿದ್ದವು. ಅವುಗಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಿರಗದ ಮಳೆ ಬಿದ್ದು ಹೊಳೆ ಕೆಂಪಾಗಿ ತುಂಬಿದ ಮೇಲೆ ನಡೆದು ದಾಟುವ ಜಾಗ ಉಳಿಯಲಿಲ್ಲ. ಹರಗೋಲಿನ ಘಟ್ಟ ಒಂದೇ. ಆ ಘಟ್ಟದ ಬಾಯಿಗೆ ನಾಕಾ, ಅದರ ಮೇಲೆ ಅಮೀನ ಎಂಬ ನಿಜಾಮರ ಪೊಲೀಸ್ ಅಧಿಕಾರಿ.

ನನ್ನ ಸೋದರಮಾವ ಕೊಟ್ರಪ್ಪನದು ಕೊಪ್ಪಳದ ಪೇಟೆಯಲ್ಲಿ ಬಟ್ಟೆ ಅಂಗಡಿ. ಮಾತಿಗೂ ಗಜಕಡ್ಡಿ ಹಿಡಿಯುವ ಮನುಷ್ಯ. ಸ್ನಾನ, ಲಿಂಗಪೂಜೆ ಆಗದೆ ಗುಟುಕು ನೀರೂ ಮುಟ್ಟದವ. ನಾನು ಧಾರವಾಡದ ಕಾಲೇಜು ಮುಗಿಸಿ ಬಂದು, ಅವನ ಗಿರಾಕಿಗಳ ದನಿಯನ್ನು ಅವರ ಬೆನ್ನ ಹಿಂದೆಯೇ ತೆಗೆದು ತೋರಿಸಿದರೆ, "ಮಂಗ್ಯಾನಂಥವನ, ಅನ್ನ ತಿನ್ನೋ ಬಾಯಿ ಅದು" ಎಂದು ಬೈಯುತ್ತಿದ್ದ. ಅವನ ತಮ್ಮ ಆ ವರ್ಷ ಹೊಳೆ ದಾಟಿ ನಿಜಾಮರ ವಿರುದ್ಧದ ಹೋರಾಟದವರ ಶಿಬಿರ ಸೇರಿದ್ದ. ಖಾಕಿಯವರು ಎರಡು ಸಲ ಅಂಗಡಿಗೆ ಬಂದು ತಮ್ಮನೆಲ್ಲಿ ಎಂದು ಕೇಳಿ ಹೋಗಿದ್ದರು. ಮತ್ತೆ ಬಂದರೆ ಕೇಳುವುದಕ್ಕೆ ಬರುವುದಿಲ್ಲ ಎನ್ನುವುದು ಇಡೀ ಪೇಟೆಗೇ ಗೊತ್ತಿತ್ತು.

ಮದಾರಸಾಬ ಆ ನಾಕಾದ ಜವಾನ, ಹಬ್ಬಕ್ಕೊಮ್ಮೆ ಬಟ್ಟೆಗೆ ಬರುವ ನಮ್ಮ ಹಳೆಯ ಗಿರಾಕಿ. ಒಂದು ಮಧ್ಯಾಹ್ನ ಹಬ್ಬ ಇಲ್ಲದೆಯೇ ಬಂದ. ಲುಂಗಿ ತೋರಿಸಿರಿ ಅಂದ.

"ಕರಿಬಸಪ್ಪನೋರ ಸುದ್ದಿ ಗೊತ್ತಾತೇನ್ರಿ ಸಾವ್ಕಾರ್ರ?"

ಕರಿಬಸಪ್ಪ ನಮ್ಮ ಓಣಿಯವನೇ. "ಅಂವ ಮಗಳ ಮನಿಗೆ ಹೋಗ್ಯಾನಲ್ಲ, ಹೊಳಿ ಆಚಿ?" ಅಂದ ಮಾವ.

"ಹೊಂಟಿದ್ರು. ಹರಗೋಲ ನಡುಹೊಳಿಗೆ ಹೋಗಿತ್ತು. ಮನ್ಯಾಗ ಕಟ್ಟಿ ಬಂದಿದ್ದ ನಾಯಿ ಹಗ್ಗ ಕಡಕೊಂಡು ಬಂತು ನೋಡ್ರಿ, ನೀರಿಗೆ ಜಿಗದು ಅವರ ಹಿಂದ ಈಸಾಕ ಹತ್ತಿತು. ಹೊಸ ಅಮೀನ ನೋಡಿದ. 'ಎರಡು ದಿನಕ್ಕ ತಿರುಗಿ ಬರೋ ಮಂದೀನ ನಾಯಿ ಹಿಂಗ ಹುಡುಕೂದಿಲ್ಲ' ಅಂದ. ಹರಗೋಲ ಹೊಳ್ಳಿ ಕರಿಸಿದ."

"ಆಮ್ಯಾಲೆ?"

ಮದಾರಸಾಬ ಲುಂಗಿಯ ಅಂಚು ತಿರುವಿದ. "ಹೆಣ್ಣಮಕ್ಕಳನ್ನ ಮನಿಗೆ ಕಳಿಸಿದ್ರು."

"ಕರಿಬಸಪ್ಪ?"

"ಇದರಾಗ ಹಸರು ಇಲ್ಲೇನ್ರಿ?" ಅಂದ ಮದಾರಸಾಬ.

ಲುಂಗಿ ಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ರಸ್ತೆಯ ಕಡೆಗೆ ಮುಖ ಮಾಡಿಯೇ ಅಂದ: "ದನ ಹೋದ್ರ ಸಂತಿಗೆ ಅಂತಾನ ಅಮೀನ. ಹೆಣ್ಣುಮಗಳು ಹೋದ್ರ ತವರಿಗೆ ಅಂತಾನ. ನಾಯಿ ಹೋದ್ರ ಊರು ಬಿಟ್ಟಂಗ ಅಂತಾನ. ಬಂಡ್ಯಾಗ ನೋಡೂದಿಲ್ಲರೀ ಅಂವ, ಬಂಡಿ ಕೆಳಗ ನೋಡತಾನ."

ನಮ್ಮ ಕಡೆಯ ನಾಯಿಗಳು ಬಂಡಿಯ ಕೆಳಗೆ, ಅಚ್ಚಿನ ನೆರಳಿನಲ್ಲಿ ನಡೆಯುತ್ತವೆ. ಮಾವನ ಮನೆಯ ಹಂಡ್ಯಾನೂ ಹಾಗೆಯೇ. ಕರಿ ಬಿಳಿ ಮಚ್ಚೆಯ ನಾಯಿ. ಮಾವ ಊರು ಬಿಟ್ಟು ಹೊಳೆ ದಾಟಬೇಕೆಂದಿದ್ದ. ನಾಯಿಯನ್ನು ಬಿಟ್ಟು ಹೋದರೆ ಅದು ಹೊಳೆಗೆ ಬರುವುದೇ. ಕರೆದುಕೊಂಡು ಹೋದರೆ ಅಮೀನನ ಕಣ್ಣು.

ಆ ಸಂಜೆ ಮಾವ ಪಡಸಾಲೆಯಲ್ಲಿ ಕೂತು, ಹೆಂಡತಿಯ ಮುಖ ನೋಡದೆ ಹೇಳಿದ: "ಒಂದು ರೊಟ್ಟಿಯೊಳಗ ನಾಯಿ ಕೆಲಸ ಮುಗಿತೈತಿ."

ಶೇಖರಮ್ಮತ್ತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. "ಹಂತಾ ರೊಟ್ಟಿ ನಾ ಬಡಿಯೂದಿಲ್ಲ. ನೀವು ಬಡೀತೀರಿ ಅಂದ್ರ ಹಿಟ್ಟು ಅಲ್ಲೇತಿ, ಹಂಚು ಇಲ್ಲೇತಿ."

"ಹುಚ್ಚಿ, ಅಲ್ಲಿ ಹೋಗೂದು ನನ್ನ ಜೀವ."

"ಅದಕ್ಕ ನಾನೂ ಹೊಂಟೀನಿ. ಅದೂ ಬರತೈತಿ. ಮೂರು ಜೀವ ಅಂತ ತಿಳ್ಕೊಂಡು ಉಪಾಯ ಮಾಡ್ರಿ."

ಉಪಾಯ ನಾನು ಮಾಡಿದೆ. ಹೊಳೆಯ ಆಚೆ, ಹಡಗಲಿ ಸೀಮೆಯಲ್ಲಿ ಮೈಲಾರ. ಮೈಲಾರಲಿಂಗನಿಗೆ ನಾಯಿ ಅಂದರೆ ಪ್ರೀತಿ. ಅವನ ಗೊರವರು ಕರಿಕಂಬಳಿ ತೊಟ್ಟು, ದೋಣಿ ಎಂಬ ಮರದ ಬಟ್ಟಲಿಗೆ ಹಾಲು ಅನ್ನ ಸುರಿಸಿಕೊಂಡು, ನಾಲ್ಕು ಕಾಲ ಮೇಲೆ ನಿಂತು ನಾಯಿಯಂತೆ ಬೊಗಳಿ, ಕಚ್ಚಾಡಿ ತಿನ್ನುತ್ತಾರೆ. ಅದು ಸೇವೆ. ನಮ್ಮ ನಾಯಿ ಅವನಿಗೆ ಹರಕೆಯದು ಎಂದರಾಯಿತು. ಗೊರವ ನಾನು. ಬೊಗಳುವುದರಲ್ಲಿ ನನಗೆ ಕಾಲೇಜಿನಲ್ಲೇ ಹೆಸರಿತ್ತು. ಅಮೀನ ದೂರದ ಔರಂಗಾಬಾದ ಕಡೆಯವ. ಅವನಿಗೇನು ಗೊತ್ತು ನಮ್ಮ ಮೈಲಾರ?

"ದೇವರ ಹೆಸರಿಲೆ ಚಾಷ್ಟಿ ಮಾಡಬ್ಯಾಡೊ" ಅಂದ ಮಾವ. ಆದರೆ ಬೇಡ ಅನ್ನಲಿಲ್ಲ.

ಕಂಬಳಿ, ದೋಣಿ, ಭಂಡಾರವೆಂಬ ಅರಿಸಿನಪುಡಿಯ ಚೀಲ ಕೊಟ್ಟದ್ದು ಪರಿಚಯದ ಗೊರವಯ್ಯ. ಯಾಕೆ ಎಂದು ಕೇಳಲಿಲ್ಲ. "ಇದನ್ನ ತೊಟ್ಟು ಸುಳ್ಳು ಬೊಗಳಿದ್ರ, ಮೈಲಾರ ಖರೇ ಮಾಡಿ ಬಿಡತಾನ" ಎಂದಷ್ಟೇ ಹೇಳಿದ.

ಬೆಳಗಾಗುತ್ತಲೇ ಹೊರಟೆವು. ಅತ್ತೆ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹಾಗೇ ಬಿಟ್ಟಳು. ಹಾಲಿಗೆ ಹೆಪ್ಪು ಹಾಕಿದಳು. ಬೇಗ ಮರಳಿ ಬರುವವರ ಮನೆ ಹೇಗಿರಬೇಕೋ ಹಾಗೆ. ಬಾಡಿಗೆಯ ಬಂಡಿಯಲ್ಲಿ ಅನ್ನದ ಬುತ್ತಿ, ಬೆಲ್ಲ, ಕಾಯಿ, ಒಂದು ತಂಬಿಗೆ ಹಾಲು. ಅಷ್ಟೇ. ಹಂಡ್ಯಾನ ಹಣೆಗೆ ಭಂಡಾರ ಬಡಿದಿದ್ದೆವು. ಅದು ಬಂಡಿಯ ಕೆಳಗೆ ತನ್ನ ಜಾಗ ಹಿಡಿದು, ಹಳದಿ ಮುಖ ಹೊತ್ತು ನಡೆಯಿತು.

ಪರವೂರಿನ ನಾಯಿ ಬಂದರೆ ಪ್ರತಿ ಊರಿನ ಅಗಸಿಯಲ್ಲೂ ಒಂದು ದಂಡು ಎದ್ದು ಬರುವುದು ರೂಢಿ. ಮೊದಲ ಊರಿನಲ್ಲಿ ಒಂದೂ ಬರಲಿಲ್ಲ. ಎರಡನೆಯ ಊರಿನಲ್ಲೂ ಇಲ್ಲ. ಹಂಡ್ಯಾ ಕಿವಿ ನಿಗುರಿಸಿ, ಬೈಗುಳಕ್ಕೆ ಕಾದವನಂತೆ ನಿಂತು ನಿಂತು ಬಂತು.

"ನಾಯಿಗೋಳು ಎಲ್ಲಿ ಹೋದ್ವು?" ಅತ್ತೆ ಮೆಲ್ಲಗೆ ಕೇಳಿದಳು.

ಬಂಡಿಯವ ಎತ್ತುಗಳಿಗೆ ಹೇಳುವಂತೆ ಹೇಳಿದ: "ಮಂದಿ ಹೋದ ಮ್ಯಾಲೆ ರಾತ್ರೆಲ್ಲಾ ಊಳಿಡತಿದ್ವು. ಖಾಕಿಯವರಿಗೆ ನಿದ್ದಿ ಬರತಿರಲಿಲ್ಲಂತ."

ಅತ್ತೆ ಬಗ್ಗಿ ಬಂಡಿಯ ಕೆಳಗೆ ನೋಡಿದಳು, ಹಂಡ್ಯಾ ಅಲ್ಲೇ ಇತ್ತು. ನಾನು ಒಂದೆರಡು ಚಾಟಿಮಾತು ಕಟ್ಟಿಟ್ಟುಕೊಂಡಿದ್ದೆ. ಹೊಳೆಯ ತನಕ ಒಂದನ್ನೂ ಬಿಚ್ಚಲಿಲ್ಲ.

ನಾಕಾ ಅಂದರೆ ಬೇವಿನ ಮರದ ಕೆಳಗೊಂದು ಛಪ್ಪರ. ಅಮೀನ ಕುರ್ಚಿಯಲ್ಲಿ ಕೂತಿದ್ದ. ದಪ್ಪನೆಯ, ನಗುಮುಖದ ಮನುಷ್ಯ. ಲಿಂಗಸುಗೂರಿನಲ್ಲಿ ಕೆಲಸ ಮಾಡಿದ್ದನಂತೆ, ಮುರುಕು ಕನ್ನಡ ಬರುತ್ತಿತ್ತು. ಹಿಂದಿನ ಗೂಟಕ್ಕೆ ಒಂದು ಹಳದಿ ರುಮಾಲು ತೂಗಿ ಬಿದ್ದಿತ್ತು. ಅದು ನಮ್ಮ ಅಂಗಡಿಯಿಂದಲೇ ಕರಿಬಸಪ್ಪನಿಗೆ ಹರಿದುಕೊಟ್ಟದ್ದು, ಅವನ ಮಗಳ ಮದುವೆಗೆ. ಮಾವ ಅದನ್ನು ನೋಡಿದ. ನೋಡಿದ್ದನ್ನು ಅಮೀನ ನೋಡಿದ. ಮದಾರಸಾಬ ಬಂದೂಕು ಹಿಡಿದು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ.

"ಆವೋ ಆವೋ, ಬರ್ರಿ, ನೆಳ್ಳಾಗ ಬರ್ರಿ" ಅಂದ ಅಮೀನ. ಎದ್ದು ಬಂದ. ಬಗ್ಗಿ ಬಂಡಿಯ ಕೆಳಗೆ ನೋಡಿದ. "ಅರೇ, ನಾಯಿ ಯಾರ್ದು ಐತಿ?"

"ಮೈಲಾರಂದು ಹುಜೂರ್" ಎಂದೆ. "ಹರಕಿ ನಾಯಿ. ಒಪ್ಪಿಸಿ, ನಾಡಿದ್ದು ಹೊಳ್ಳಿ ಬರತೀವಿ." ಕೇಳುವುದಕ್ಕೂ ಮೊದಲೇ ಕಂಬಳಿ ಕೊಡವಿ, "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಎಂದು ಕೂಗಿ, ನೆಲಕ್ಕೆ ಕೈಯೂರಿ ಬೊಗಳಿದೆ. ಮರಿಯಾಗಿ ಬೊಗಳಿದೆ, ಮುದಿಯಾಗಿ ಬೊಗಳಿದೆ, ಎರಡು ನಾಯಿ ಜಗಳಾಡುವುದನ್ನು ಒಂದೇ ಬಾಯಲ್ಲಿ ಮಾಡಿ ತೋರಿಸಿದೆ.

ಅಮೀನ ಚಪ್ಪಾಳೆ ತಟ್ಟಿದ. "ವಾಹ್! ಭಾಳ ಛಲೋ. ಎಷ್ಟು ಓದಿದಿ?"

"ಬಿ.ಎ. ಹುಜೂರ್" ಬಾಯಿ ತಪ್ಪಿ ಬಂದುಬಿಟ್ಟಿತು.

"ಬಿ.ಎ. ನಾಯಿ!" ಎಂದು ಜವಾನರ ಕಡೆ ತಿರುಗಿದ. ಅವರು ನಕ್ಕರು. ಅವನು ನಗಲಿಲ್ಲ. ಕುರ್ಚಿಗೆ ಮರಳಿ ಕೂತು ಎಲೆಗೆ ಸುಣ್ಣ ಸವರಿದ. "ನಮ್ಮ ಕಡೆ ಇವಗ ಖಂಡೋಬಾ ಅಂತಾರ. ಗೊತ್ತೇನು? ನಾಯಿ ಅದೇ, ಹಳದಿ ಅದೇ. ಸಣ್ಣವ ಇದ್ದಾಗ ಭಾಳ ನೋಡೀನಿ. ನಮ್ಮಲ್ಲಿ ಬಾಡಗಿ ಮನಷಾ ಬೊಗಳೋದಿಲ್ಲ. ಹರಕಿ ಹೊತ್ತವ ಬೊಗಳತಾನ." ಎಲೆ ಬಾಯಿಗಿಟ್ಟ. "ಹರಕಿ ಯಾರ್ದು?"

"ನಂದ್ರಿ" ಅಂದಳು ಅತ್ತೆ, ಬಂಡಿಯ ಮೇಲಿಂದ.

"ನೀವು ಕೂಡ್ರಿ ಅಮ್ಮಾ." ಬಹಳ ಮರ್ಯಾದೆಯಿಂದ ಅಂದ. ಕಣ್ಣು ಮಾವನ ಮೇಲೆ.

ಮಾವ ಬಾಯಿಬಿಟ್ಟರೆ ಗಜಕಡ್ಡಿಯ ಮಾತು ಬರುತ್ತದೆ, ಸಾವ್ಕಾರನ ಮಾತು. "ಅವರಿಗೆ ಆರಾಮಿಲ್ಲ ಹುಜೂರ್..." ಎಂದು ಶುರುಮಾಡಿದೆ.

"ಹರಕಿ ನಂದು" ಅಂದ ಮಾವ.

ಬಂಡಿಯಿಂದ ಇಳಿದ. ತನ್ನ ತಲೆಯ ರುಮಾಲು ತೆಗೆದು ಮಡಚಿ ಅತ್ತೆಯ ಕೈಗೆ ಕೊಟ್ಟ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿದ. ನನ್ನ ಹೆಗಲಿನ ಕಂಬಳಿ ಎಳೆದುಕೊಂಡು ಹೊದ್ದ. ಮೊಣಕಾಲೂರಿದ, ಆಮೇಲೆ ಕೈ. ಬಾಯಿ ತೆರೆದ. ದನಿ ಬರಲಿಲ್ಲ. ಇನ್ನೊಮ್ಮೆ ತೆರೆದ. ಬಂದದ್ದು ಬೊಗಳುವ ದನಿಯಲ್ಲ, ಬಿಕ್ಕಿದ ದನಿ. ಮೂರನೆಯ ಸಲ ಬೊಗಳಿದ.

ಹಂಡ್ಯಾ ಬಂಡಿಯ ಕೆಳಗಿಂದ ಹೊರಬಂದು ತನ್ನ ಯಜಮಾನನನ್ನು ನೋಡಿ, ತಲೆ ಓರೆ ಮಾಡಿ ನಿಂತಿತು.

"ದೋಣಿ" ಅಂದ ಅಮೀನ. ನಾನೇ ದೋಣಿಗೆ ಅನ್ನ, ಬೆಲ್ಲ, ಹಾಲು ಸುರಿದೆ. ಮಾವ ಮುಖ ಅದ್ದಿ ತಿಂದ. ಹಂಡ್ಯಾ ಒಂದು ಹೆಜ್ಜೆ ಮುಂದೆ ಬಂತು. ಆಮೇಲೆ ಹಿಂದೆ ಸರಿದು, ದೂರ ಹೋಗಿ ಕೂತಿತು. ಮನೆಯಲ್ಲಿ ಮಾವ ಉಂಡು ಏಳುವ ತನಕ ಅದು ಹಾಗೆಯೇ ಕೂಡುತ್ತಿತ್ತು. ಅತ್ತೆ ಕಲಿಸಿದ್ದ ಮರ್ಯಾದೆ.

ಅಮೀನ ಅಗಿಯುವುದನ್ನು ನಿಲ್ಲಿಸಿದ. "ನಮ್ಮ ಕಡೆ ಕಚ್ಚಾಡತಾವು" ಅಂದ. "ಈ ನಾಯಿ ಅದಬ್, ಮರ್ಯಾದಿ ಮಾಡ್ತದೆ. ಇವ ಮಾಲೀಕ ಅಂತ ಅದಕ್ಕ ಗೊತ್ತು. ಮನಿ ನಾಯಿ ಇದು. ಹೌದಿಲ್ಲೋ, ಮದಾರ್?"

ಮದಾರಸಾಬನ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಅವನು ತಿರುಗಲಿಲ್ಲ.

ಆಗ ಮಾವ ದೋಣಿಯಿಂದ ಮುಖ ಎತ್ತಿದ. ಗಡ್ಡದಿಂದ ಹಾಲು ತೊಟ್ಟಿಕ್ಕುತ್ತಿತ್ತು. ನಾಲ್ಕು ಕಾಲ ಮೇಲೆಯೇ ಹಂಡ್ಯಾನ ಕಡೆಗೆ ನಡೆದ. ಗುರ್ರ್ ಅಂದ. ಆ ದನಿಯನ್ನು ನಾನು ಎಷ್ಟೋ ವರ್ಷ ಪ್ರಯತ್ನಿಸಿದ್ದೇನೆ, ಬಂದಿಲ್ಲ. ನಾಯಿ ಬಾಲ ಆಡಿಸಿತು. ಮಾವ ಅದರ ಕಿವಿಗೆ ಬಾಯಿ ಹಾಕಿ ಕಚ್ಚಿದ. ಹಲ್ಲು ಕೂಡುವ ತನಕ ಕಚ್ಚಿದ.

ಹಂಡ್ಯಾ ಕಿರುಚಿ, ಹೊರಳಿ, ಅವನ ಗಲ್ಲಕ್ಕೆ ಬಾಯಿ ಹಾಕಿತು. ಇಬ್ಬರೂ ಧೂಳಿನಲ್ಲಿ ಬಿದ್ದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಿಡಿಸಲು ನಾನು ಹೆಜ್ಜೆ ಇಟ್ಟೆ, ಅತ್ತೆ ನನ್ನ ರಟ್ಟೆ ಹಿಡಿದಳು. ಕಂಬಳಿ, ಕೂದಲು, ರಕ್ತ, ಭಂಡಾರ ಎಲ್ಲ ಒಂದೇ ಮುದ್ದೆಯಾಗಿ ಉರುಳಿ, ದೋಣಿ ಮಗುಚಿತು. ಅನ್ನಕ್ಕೆ ಇಬ್ಬರೂ ಒಟ್ಟಿಗೇ ಬಾಯಿ ಹಾಕಿದರು.

ಮೊದಲು ಅಮೀನನ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ನಗು ಹೊರಬಂತು. "ಜಾನೇ ದೋ!" ಅಂದ ಕೈ ಬೀಸಿ, ಕಣ್ಣೊರೆಸುತ್ತ. "ಬಿಡ್ರಿ, ಬಿಡ್ರಿ! ಖಂಡೋಬಾ ಕಾಯ್ತಾ ಇರ್ತಾನ!"

ಮಾವ ಇನ್ನೂ ಏಳಲಿಲ್ಲ.

"ಏ ಗೊರವಾ, ಏಳಲೇ" ಅಂದ ಮದಾರಸಾಬ. ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಎಂದೂ 'ರೀ' ಬಿಡದ ಮನುಷ್ಯ. ದನಿ ಒರಟಾಗಿತ್ತು, ರಟ್ಟೆ ಹಿಡಿದು ಎಬ್ಬಿಸಿದ ಕೈ ಮಾತ್ರ ಮೆತ್ತಗಿತ್ತು.

ಅಂಬಿಗ ಹೊಳಿಯಪ್ಪ ಹರಗೋಲು ನೂಕಿದ. ಬಂಡಿ ಖಾಲಿಯಾಗಿ ಕೊಪ್ಪಳಕ್ಕೆ ಮರಳಿತು. ಹಂಡ್ಯಾ ತಾನಾಗಿ ಹತ್ತಲಿಲ್ಲ. ಅತ್ತೆ ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಅದು ಮಾವನಿಂದ ಆದಷ್ಟು ದೂರಕ್ಕೆ ಮೂತಿ ತಿರುಗಿಸಿತು. ಮಾವ ಗಲ್ಲದ ಗಾಯಕ್ಕೆ ಭಂಡಾರ ಒತ್ತಿ ಹಿಡಿದಿದ್ದ. ನಡುಹೊಳೆಯಲ್ಲಿ ಹರಗೋಲು ಗಿರಕಿ ಹೊಡೆಯಿತು, ಪರದೇಶ ಸ್ವದೇಶ ಎರಡೂ ನಮ್ಮ ಸುತ್ತ ತಿರುಗಿದವು.

ದಂಡೆಯಲ್ಲಿ ಜವಾನರು ಸಾಲಾಗಿ ನಿಂತು ನಮ್ಮ ಕಡೆ ಬೊಗಳತೊಡಗಿದ್ದರು. ಒಬ್ಬ ಮರಿಯಂತೆ, ಒಬ್ಬ ಮುದಿಯಂತೆ. ಹರಗೋಲಿನಲ್ಲಿ ಯಾರೂ ನಗಲಿಲ್ಲ. ನಾವು ಮೋಸ ಮಾಡಿ ಗೆದ್ದಿದ್ದೆವು: ಮನುಷ್ಯ ದಾಟಿದ್ದ, ಹೆಂಡತಿ ದಾಟಿದ್ದಳು, ನಾಯಿ ದಾಟಿತ್ತು. ಮೋಸ ಹೋದವನು ಅಲ್ಲಿ ಬೇವಿನ ಮರಕ್ಕೆ ಕೈಯಾನಿಸಿ, ಇನ್ನೊಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆಚೆ ದಂಡೆ ಮುಟ್ಟಿ, ಮರಳು ದಾಟಿ, ಜಾಲಿಯ ಗಿಡಗಳ ಹಿಂದೆ ಹೋದರೂ ಆ ನಗು ನೀರಿನ ಮೇಲೆ ನಡೆದು ಬರುತ್ತಲೇ ಇತ್ತು.