ಸಾವಿನ ಮನೆಯಲ್ಲಿ ನಕ್ಕ ಚನ್ನಲಿಂಗಪ್ಪ

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ನಾವೆಲ್ಲ ಕೈ ನೋಡುತ್ತೇವೆ, ಕಾಲು ನೋಡುತ್ತೇವೆ. ಮನಸ್ಸಿಗೇನಾಯಿತು ಅಂತ ಕೇಳುವವರು ಯಾರು? ಮಾಗಡಿ ಪೇಟೆಯ ಕಂಬಳಿ ಅಂಗಡಿ ಚನ್ನಲಿಂಗಪ್ಪನ ಮನೆಯಲ್ಲೂ ಯಾರೂ ಕೇಳಲಿಲ್ಲ. ಮೈಸೂರು ಮಹಾರಾಜರ ಕಾಲದ ಮಾತಿದು.

ಅವನಿಗೆ ಬಲಗೈ, ಬಲಗಾಲು ಬಿದ್ದು, ಮಾತು ನಿಂತು ಮೂರು ತಿಂಗಳಾಗಿತ್ತು. ಆಗ ಅಣ್ಣ ರೇವಣಸಿದ್ದಯ್ಯ ತೀರಿಕೊಂಡ. ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣ. ಹೆಣಕ್ಕೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಚನ್ನಲಿಂಗಪ್ಪನನ್ನು ಹೊತ್ತು ತಂದು ಎದುರಿಗೆ ಇಳಿಸಿದರು. ಅವನಿಗೆ ಕರುಳು ಕಿತ್ತುಬಂತು. ಅಳಬೇಕು ಅಂತ ಬಾಯಿ ತೆರೆದ. ನಗು ಬಂತು.

ಸಣ್ಣ ನಗುವಲ್ಲ, ಶಿವನೇ! ಹೊಟ್ಟೆ ಕುಣಿಯುವ ನಗು. ತಡೆಯಲು ಹೋದಷ್ಟೂ ಜೋರಾಯಿತು. ಅಳುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು. ಹೆಂಡತಿ ಗಿರಿಜಾಂಬ ಹೆದರಿ ದೂರ ಸರಿದಳು. ಅವಳ ಮುಖ ಕಂಡು ಅವನಿಗೆ ತನ್ನ ಮೇಲೆಯೇ ಭಯ ಹುಟ್ಟಿತು. ನಗುತ್ತಿರುವವನು ನಾನೇನಾ? ಒಳಗೆ ಇನ್ಯಾರಾದರೂ ಸೇರಿಕೊಂಡರಾ?

ಮಣ್ಣು ಮಾಡಿದ ಮಾರನೆಯ ದಿನ ಯಾರೋ ಅಣ್ಣನ ಹೆಸರೆತ್ತಿದರು. ಮತ್ತೆ ಅದೇ ನಗು.

"ಇದು ಕಾಯಿಲೆ ಅಲ್ಲ ಕಣವ್ವ, ಗಾಳಿ," ಅಂದ ಚಿಕ್ಕಪ್ಪ ಸಿದ್ದಗಂಗಯ್ಯ. "ಸತ್ತೋನು ಇವನ ಮೈಮ್ಯಾಲೆ ಬಂದವ್ನೆ. ಬೆನ್ನಿಗೆ ಎಲ್ಡು ಬರೆ ಎಳೆದ್ರೆ ಬುಟ್ಟೋಯ್ತಾನೆ."

"ಸುಟ್ರೆ ತಡ್ಕತಾರಾ ಮಾವ?" ಅಂದಳು ಗಿರಿಜಾಂಬ.

"ಹಿಂಗೇ ಬುಟ್ರೆ ನಾಳೆ ನಿನ್ ಮ್ಯಾಲೂ ಬತ್ತದೆ, ನೋಡ್ಕೊ!"

ಹಿತ್ತಲಲ್ಲಿ ಕೆಂಡ ಮಾಡಿ ಕುಡುಗೋಲು ಕಾಯಲು ಇಟ್ಟರು. ಗಿರಿಜಾಂಬಳಿಗೆ ಜೀವ ತಡೆಯಲಿಲ್ಲ. ದವಾಖಾನೆಯವರನ್ನು ಒಂದು ಮಾತು ಕೇಳೋಣ ಅಂತ ಮುಂಬಾಗಿಲಿಂದ ಓಡಿದಳು.

ಒಳಗೆ ಮಲಗಿದ್ದ ಚನ್ನಲಿಂಗಪ್ಪನಿಗೆ ಎಲ್ಲ ಕೇಳುತ್ತಿತ್ತು. ಕಿವಿಗೇನು ಲಕ್ವ ಹೊಡೆದಿತ್ತೇ? ಸುಡಬೇಡಿ ಅನ್ನಲು ಹೋದ. ಬ್ಬ, ಬ್ಬ ಅಂತಷ್ಟೇ ಬಂತು. ನೆಂಟರಿಬ್ಬರು ಬಂದು ತೋಳು ಹಿಡಿದರು. ಪ್ರಾಣ ಬಾಯಿಗೆ ಬಂತು. ಆ ಹೆದರಿಕೆಗೂ ನಗುವೇ ಬರಬೇಕೇ!

"ನೋಡ್ರಲಾ, ಹೆಂಗ್ ಅಣಕಿಸ್ತದೆ!" ಅಂದ ಚಿಕ್ಕಪ್ಪ.

"ನಿಲ್ಸಿ!"

ಬಾಗಿಲಲ್ಲಿ ಗಿರಿಜಾಂಬ, ಜೊತೆಗೆ ಏದುಸಿರು ಬಿಡುತ್ತಾ ದವಾಖಾನೆಯ ಕಾಂಪೌಂಡರ್ ಶುಕೂರ್. ಅವನು ಬಂದವನೇ ಚನ್ನಲಿಂಗಪ್ಪನ ಎಡಗೈ ಹಿಡಿದ.

"ಅಣ್ಣಾವ್ರೆ, ಹೌದು ಅಂದ್ರೆ ಒಂದ್ಸಲ ಅದುಮಿ. ಇಲ್ಲ ಅಂದ್ರೆ ಎಲ್ಡು ಸಲ. ನಿಮ್ಗೆ ಖುಸಿ ಆಗೈತಾ?"

ಎರಡು ಸಲ ಅದುಮಿದ.

"ದುಃಖ ಐತಾ?"

ಒಂದು ಸಲ.

"ನಗೂನ ನಿಲ್ಸಕ್ಕಾಯ್ತದಾ?"

ಎರಡು ಸಲ.

"ಹೆದ್ರಿಕೆ ಆಯ್ತಾ ಐತಾ?"

ಚನ್ನಲಿಂಗಪ್ಪ ಅದುಮಿದ ಕೈಯನ್ನು ಬಿಡಲೇ ಇಲ್ಲ.

"ಗಾಳೀನೂ ಕೈ ಅದುಮಬೌದಲ್ಲ ಸಾಬ್ರೆ?" ಅಂದ ಸಿದ್ದಗಂಗಯ್ಯ.

"ಗಾಳಿ ಅಲ್ಲ ಯಜಮಾನ್ರೆ. ಲಕ್ವ ಹೊಡೆಯೋದು ತಲೆವೊಳ್ಗೆ. ಕೈಕಾಲು ಹಿಡಿತ ತಪ್ಪೋ ಹಂಗೆ ಕೆಲವ್ರಿಗೆ ಅಳು, ನಗೂನೂ ಹಿಡಿತ ತಪ್ತವೆ. ನಮ್ಮಮ್ಮಂಗೂ ಹಿಂಗೇ ಆಗಿತ್ತು. ನನ್ ಮಗ ಸತ್ತಾಗ ನಕ್ಕುಬುಟ್ಳು. ಆರು ತಿಂಗ್ಳು ನಾನವಳನ್ನ ಮಾತಾಡಿಸ್ಲಿಲ್ಲ. ಡಾಕ್ಟ್ರು ನನಗೆ ತಿಳಿಸಿ ಹೇಳೋ ಹೊತ್ಗೆ ಅವಳೇ ಹೋಗ್ಬುಟ್ಟಿದ್ಳು."

ಸಿದ್ದಗಂಗಯ್ಯ ಎದ್ದುಹೋಗಿ ತಾನೇ ಕೆಂಡಕ್ಕೆ ನೀರು ಸುರಿದ.

"ನಾನೇನ್ ಮಾಡ್ಲಿ ಸಾಬ್ರೆ?" ಗಿರಿಜಾಂಬ ಕೇಳಿದಳು.

"ಗದರಬ್ಯಾಡಿ ತಾಯಿ. ಪಕ್ಕದಲ್ಲಿ ಕುಂತ್ಕೊಳಿ. ಒಸಿ ನಿಧಾನಕ್ಕೆ ಉಸಿರಾಡಕ್ಕೆ ಹೇಳಿ. ಕೇಳೋರಿಗೆಲ್ಲ ಇದು ಕಾಯಿಲೆ ಅಂತ ನೀವೇ ತಿಳಿಸಿ. ಒಬ್ಬರನ್ನೇ ಮೂಲೇಲಿ ಬುಡಬ್ಯಾಡಿ."

ಹನ್ನೊಂದನೆಯ ದಿನ ಮನೆ ತುಂಬ ಜನ. ಅಣ್ಣನ ಹೆಸರು ಕೇಳಿ ಚನ್ನಲಿಂಗಪ್ಪ ಮತ್ತೆ ನಕ್ಕ. ಎಲ್ಲರೂ ತಿರುಗಿ ನೋಡಿದರು. ಗಿರಿಜಾಂಬ ಈ ಸಲ ಸರಿಯಲಿಲ್ಲ. ನಗುತ್ತಿದ್ದ ಗಂಡನ ಬೆನ್ನು ಸವರುತ್ತಾ ಅಂದಳು: "ಅಳಿ, ಅತ್ತುಬುಡಿ. ನಾನಿಲ್ಲೇ ಇವ್ನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಲಕ್ವ ಹೊಡೆದವರಿದ್ದಾರೆಯೇ? ಅವರು ಸುಮ್ಮಸುಮ್ಮನೆ ಅಳಬಹುದು, ಹೊತ್ತಲ್ಲದ ಹೊತ್ತಿನಲ್ಲಿ ನಗಬಹುದು, ಮಂಕಾಗಿ ಗೋಡೆ ನೋಡುತ್ತಾ ಕೂರಬಹುದು. ಬರೆ, ಬೈಗುಳ ಬೇಡ. ಡಾಕ್ಟರಿಗೆ ತೋರಿಸಿ, ಇದಕ್ಕೆ ಈಗ ಔಷಧಿಯೂ ಇದೆ. ಅದಕ್ಕೂ ಮೊದಲು, ಇವತ್ತೇ, ಅವರ ಪಕ್ಕ ಕೂತು "ನಿಮಗೆ ಹೆದರಿಕೆ ಆಗುತ್ತಿದೆಯಾ?" ಅಂತ ಕೇಳಿ. ಉತ್ತರ ಬರುವ ತನಕ ಏಳಬೇಡಿ.