ಬಸ್ತಕಿಯಾದಲ್ಲಿ ಹೇಳಿದ ಸುಳ್ಳು

ದುಬೈಗೆ ಬಂದು ಒಂಬತ್ತು ವರ್ಷವಾಗಿದ್ದರೂ ಗುರುದತ್ತ ಬಸ್ತಕಿಯಾದೊಳಗೆ ಕಾಲಿಟ್ಟವನಲ್ಲ. ಕ್ರೀಕ್ ಎಂಬ ಕಡಲ ಹಿನ್ನೀರನ್ನು ದಾಟುವಾಗ ದೋಣಿಯಿಂದ ಆ ಹಳೆಯ ಕೇರಿಯ, ಮನೆಗಳೊಳಗೆ ಗಾಳಿ ಇಳಿಸುವ ಗಾಳಿಗೋಪುರಗಳನ್ನು ನೋಡಿದ್ದನಷ್ಟೆ. ಆದರೂ ಮೊರಿತಾ ಕೇಳಿದಾಗ, "ನನಗೆ ಅಲ್ಲಿಯ ಮೂಲೆಮೂಲೆಯೂ ಗೊತ್ತು, ನಾನೇ ತೋರಿಸುತ್ತೇನೆ" ಎಂದುಬಿಟ್ಟ.

ಮೊರಿತಾ ಅವನ ಕಚೇರಿಗೆ ಜಪಾನಿನಿಂದ ಬಂದಿದ್ದ ಹಿರಿಯ ಎಂಜಿನಿಯರ್. ಅವರ ಊರಿನಲ್ಲಿ ಸಮುರಾಯ್‌ಗಳು ಬದುಕಿದ್ದ ಬೀದಿಯೊಂದನ್ನು ಹಾಗೇ ಉಳಿಸಿಕೊಂಡಿದ್ದಾರಂತೆ. ಕಪ್ಪು ಬಣ್ಣದ ಬೇಲಿ, ಮರದ ಹೆಬ್ಬಾಗಿಲು, ಒಳಗೆ ಕತ್ತಿ ಇಡುವ ಗೂಡು. ಹುಡುಗನಾಗಿದ್ದಾಗ ಆ ಬೀದಿಯಲ್ಲಿ ನಡೆದೇ ಶಾಲೆಗೆ ಹೋಗುತ್ತಿದ್ದರಂತೆ. ಯಾವ ಊರಿಗೆ ಹೋದರೂ ಹಳೆಯ ಕೇರಿಯನ್ನು ನಡೆದೇ ನೋಡಬೇಕು ಎನ್ನುವುದು ಅವರ ಹಟ.

2003ರ ಫೆಬ್ರವರಿಯಲ್ಲಿ, ವಾರದ ರಜೆಯ ದಿನವಾದ ಒಂದು ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೊರಟರು. ಇಕ್ಕಟ್ಟಾದ ಓಣಿಗಳು, ಹವಳದ ಕಲ್ಲಿನ ಗೋಡೆಗಳು. ಕೆಲವು ಮನೆಗಳಲ್ಲಿ ದುರಸ್ತಿ ಇನ್ನೂ ನಡೆದಿತ್ತು. ಮೊರಿತಾ ಪ್ರತಿ ಗೋಡೆಯ ಹತ್ತಿರ ನಿಂತು ಕೈಯಿಂದ ಸವರಿ ನೋಡುತ್ತಿದ್ದರು. ಗುರುದತ್ತ ಹಿಂದಿನ ದಿನ ಓದಿಕೊಂಡಿದ್ದ ನಾಲ್ಕು ಸಂಗತಿಗಳು ಮೊದಲ ಓಣಿಯಲ್ಲೇ ಮುಗಿದುಹೋದವು. ಆಮೇಲೆ ಕಟ್ಟಿ ಹೇಳತೊಡಗಿದ. ಒಂದು ಮನೆಯ ಗೋಡೆಯಲ್ಲಿ ಕೆಳಗಡೆ ಸಣ್ಣ ಕಿಂಡಿಗಳಿದ್ದವು.

"ಕಾವಲುಗಾರರು ಬಂದೂಕು ತೂರಿಸುತ್ತಿದ್ದ ಜಾಗ" ಎಂದ. ಮೊರಿತಾ ಅದನ್ನು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಆ ಮನೆಯ ಬಾಗಿಲಲ್ಲಿ ಅರವತ್ತರ ಆಸುಪಾಸಿನ ಕಾವಲುಗಾರನೊಬ್ಬ ಕುಳಿತಿದ್ದ. ಆಗಷ್ಟೇ ಗುರುದತ್ತ ಹೆಂಡತಿ ಬಿಂದುವಿನ ಜೊತೆ ಮೊಬೈಲಿನಲ್ಲಿ ಮಾತಾಡಿದ್ದನ್ನು ಅವನು ಕೇಳಿಸಿಕೊಂಡಿರಬೇಕು. ಎದ್ದು ಬಂದು ತಗ್ಗಿದ ದನಿಯಲ್ಲಿ ಕನ್ನಡದಲ್ಲೇ ಹೇಳಿದ:

"ಸರ್, ಅದು ಬಂದೂಕಿಗಲ್ಲ. ಗಾಳಿ ಬರ್ಲಿಕ್ಕೆ ಮಾಡಿದ್ದು. ನಾನು ಆನ್ಸೆಲ್ಮ್ ಅಂತ. ಹಿಂದೆ ಇದೇ ಮನೆಯ ಒಂದು ಕೋಣೆಯಲ್ಲಿ ನಾವು ಊರಿನ ಹನ್ನೆರಡು ಮಂದಿ ಬಾಡಿಗೆಗೆ ಇದ್ದದ್ದು. ಒಳಗೆ ಬನ್ನಿ, ಆ ಜಪಾನಿನವರಿಗೆ ಎಲ್ಲ ತೋರಿಸ್ತೇನೆ."

"ಏನಂತೆ?" ಎಂದರು ಮೊರಿತಾ.

 ಗುರುದತ್ತನಿಗೆ ತನ್ನ ಸುಳ್ಳು ಬಯಲಾಗುತ್ತದೆ ಎಂಬ ಭಯ ಒಂದು. ತನ್ನ ನಾಡಿನವರು ಒಂದೇ ಕೋಣೆಯಲ್ಲಿ ಹನ್ನೆರಡು ಮಂದಿ ಮಲಗುತ್ತಿದ್ದರು ಎಂಬುದು ಈ ಶಿಸ್ತಿನ ಮನುಷ್ಯನಿಗೆ ತಿಳಿಯಬಾರದು ಎಂಬುದು ಇನ್ನೊಂದು. ಅವನೂ ಮೊದಲ ವರ್ಷ ಸತ್ವಾ ಎಂಬ ಬಡಾವಣೆಯಲ್ಲಿ ಹಲವರು ಹಂಚಿಕೊಂಡಿದ್ದ ವಿಲ್ಲಾವೊಂದರಲ್ಲಿ ಹಾಗೇ ಮಲಗಿದ್ದವನು. ಕಚೇರಿಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

"ಈ ಮನೆ ಇವತ್ತು ಮುಚ್ಚಿದೆಯಂತೆ. ಇಲ್ಲಿ ನಿಲ್ಲಬೇಡಿ ಅಂತಿದ್ದಾನೆ" ಎಂದ ಇಂಗ್ಲಿಷಿನಲ್ಲಿ.

ಆನ್ಸೆಲ್ಮ್ ಅವನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಮೊರಿತಾ ಕಡೆ ತಿರುಗಿ, ಇಪ್ಪತ್ತು ವರ್ಷ ಹೋಟೆಲಿನಲ್ಲಿ ಕೆಲಸ ಮಾಡಿದವರ ಸಲೀಸಾದ ಇಂಗ್ಲಿಷಿನಲ್ಲಿ ಹೇಳಿದ: "ಕ್ಷಮಿಸಿ ಸರ್. ಒಳಗೆ ಕೆಲಸ ನಡೀತಿತ್ತು, ಅದಕ್ಕೆ ಸಾಹೇಬರು ಮುಚ್ಚಿದೆ ಅಂದ್ಕೊಂಡ್ರು. ಈಗ ತೆರೆದಿದೆ, ಬನ್ನಿ."

ಅವನು ಬೈದಿದ್ದರೆ ಗುರುದತ್ತ ಹೇಗೋ ತಡೆದುಕೊಳ್ಳುತ್ತಿದ್ದ. ತನ್ನ ಮಾನವನ್ನು ಅವನೇ ಕಾಪಾಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಲೆ ತಗ್ಗಿಸಿ ಇಬ್ಬರ ಹಿಂದೆ ಒಳಗೆ ಹೋದ.

ಆನ್ಸೆಲ್ಮ್ ಗಾಳಿಗೋಪುರದ ಬುಡದ ಕೋಣೆಗೆ ಕರೆದೊಯ್ದ. ಯಾರು ಯಾವ ಮೂಲೆಯಲ್ಲಿ ಮಲಗುತ್ತಿದ್ದರು, ಸ್ಟವ್ ಎಲ್ಲಿತ್ತು, ಕೆಳಗಿನ ಕಿಂಡಿಗಳಿಂದ ಗಾಳಿ ಹೇಗೆ ಬರುತ್ತಿತ್ತು, ಎಲ್ಲವನ್ನೂ ತೋರಿಸಿದ. ಗೋಪುರದೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರಂತೆ. ಅರ್ಧ ಗಂಟೆಯಲ್ಲಿ ಪ್ಯಾಂಟು ಒಣಗುತ್ತಿತ್ತಂತೆ. ಮೊರಿತಾ ಮನಸಾರೆ ನಕ್ಕರು.

"ನಮ್ಮೂರಿನ ಬೀದಿಯಲ್ಲಿ ಕತ್ತಿ ಯಾರದ್ದು ಅಂತ ಹೇಳುತ್ತಾರೆ. ಅಲ್ಲಿ ಬಟ್ಟೆ ಒಗೆದವರು ಎಲ್ಲಿ ಮಲಗುತ್ತಿದ್ದರು ಅಂತ ನಾನು ಯಾವತ್ತೂ ಕೇಳಲಿಲ್ಲ" ಎಂದರು. ಹೊರಡುವಾಗ ಆನ್ಸೆಲ್ಮ್‌ಗೆ ಸೊಂಟ ಬಗ್ಗಿಸಿ ವಂದಿಸಿದರು. ಬಂದೂಕಿನ ವಿಷಯ ಬರೆದಿದ್ದ ಸಾಲನ್ನು ಗುರುದತ್ತನ ಎದುರಿಗೇ ಹೊಡೆದುಹಾಕಿದರು.

ಆ ವಾರ ಗುರುದತ್ತನಿಗೆ ಊಟ ರುಚಿಸಲಿಲ್ಲ. ಬಿಂದು ಏನಾಯಿತೆಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ. ಮುಂದಿನ ಶುಕ್ರವಾರ ಒಬ್ಬನೇ ಬಸ್ತಕಿಯಾಕ್ಕೆ ಹೋದ. ಆನ್ಸೆಲ್ಮ್ ಅದೇ ಬಾಗಿಲಲ್ಲಿದ್ದ.

"ಅವತ್ತು ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

"ಆಯ್ತು ಮಾರಾಯ್ರೆ. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದ ಆನ್ಸೆಲ್ಮ್. ಆಮೇಲೆ ಕೇಳಿದ: "ನಿಮ್ಮ ಜಪಾನಿನವರಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನೀವು ಸುಳ್ಳು ಹೇಳಿದ್ದು ಅವರ ಹತ್ರ. ನನ್ನ ಹತ್ರ ಬರುವುದು ನಿಮಗೆ ಸುಲಭ, ಅಲ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಗುರುದತ್ತ ಹಿಂದಿರುಗಿದ.

ಶನಿವಾರ ಕಚೇರಿ ತೆರೆದ ಕೂಡಲೇ ಮೊರಿತಾ ಅವರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಕಿಂಡಿಯ ಕಥೆ, ಮನೆ ಮುಚ್ಚಿದೆ ಎಂದದ್ದು, ಕೊನೆಗೆ ಸತ್ವಾದ ವಿಲ್ಲಾದಲ್ಲಿ ಮಲಗಿದ್ದದ್ದೂ.

ಮೊರಿತಾ ನಕ್ಷೆಯಿಂದ ತಲೆ ಎತ್ತಿ ಪೂರ್ತಿ ಕೇಳಿದರು. "ಆ ಕಾವಲುಗಾರರು ನಿಮ್ಮ ಭಾಷೆಯಲ್ಲಿ ಮಾತಾಡಿದ್ದು ತುಂಬಾ ಹೊತ್ತು, ನೀವು ನನಗೆ ಹೇಳಿದ್ದು ಎರಡೇ ವಾಕ್ಯ. ಅವತ್ತೇ ತಿಳಿಯಿತು" ಎಂದರು. "ಹೇಳಿದ್ದು ಒಳ್ಳೆಯದಾಯಿತು." ಮತ್ತೆ ನಕ್ಷೆಯ ಮೇಲೆ ಬಾಗಿದರು.

ಆಮೇಲೂ ಅವರು ಗುರುದತ್ತನ ಜೊತೆ ಮೊದಲಿನಂತೆಯೇ ಸೌಜನ್ಯದಿಂದ ಇದ್ದರು. ಆದರೆ ಊರು ತೋರಿಸಿ ಎಂದು ಇನ್ನೊಮ್ಮೆ ಕೇಳಲಿಲ್ಲ.

ಮೇ ತಿಂಗಳಲ್ಲಿ ಅವರು ಜಪಾನಿಗೆ ಹೊರಟಾಗ ಕಚೇರಿಯಲ್ಲಿ ಚಹಾಕೂಟ ಇಟ್ಟಿದ್ದರು. ಮೊರಿತಾ ಒಂದಷ್ಟು ಫೋಟೊಗಳನ್ನು ಎಲ್ಲರಿಗೂ ತೋರಿಸಿದರು. ಹಲವು ಬಸ್ತಕಿಯಾದವು, ಬೇರೆ ಬೇರೆ ದಿನ ತೆಗೆದವು. ಒಂದರಲ್ಲಿ ಅವರೂ ಆನ್ಸೆಲ್ಮ್ ಕೂಡ ಮೆಟ್ಟಿಲ ಮೇಲೆ ಕುಳಿತು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

"ಇವರು ಯಾರು?" ಎಂದು ಕೇಳಿದ ಸಹೋದ್ಯೋಗಿ ಇಮ್ತಿಯಾಜ್.

"ಆನ್ಸೆಲ್ಮ್. ಊರು ಶಿರ್ವ. ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳು ನರ್ಸಿಂಗ್ ಓದುತ್ತಿದ್ದಾಳೆ" ಎಂದರು ಮೊರಿತಾ.

ಉಡುಪಿ ಕಡೆಯವನಾದ ಇಮ್ತಿಯಾಜ್‌ಗೆ ಖುಷಿಯಾಯಿತು. "ಶಿರ್ವವಾ? ನಮ್ಮ ಮನೆಗೆ ಹತ್ತಿರವೇ. ಗುರು ಸರ್, ನಿಮಗೆ ಇವರು ಪರಿಚಯವಾ?"

ಆನ್ಸೆಲ್ಮ್‌ನ ಊರು ಯಾವುದೆಂದು ತಾನು ಎರಡು ಸಲ ಭೇಟಿಯಾದರೂ ಕೇಳಿರಲಿಲ್ಲ ಎಂಬುದು ಗುರುದತ್ತನಿಗೆ ಹೊಳೆದದ್ದು ಆಗಲೇ. ಮೊರಿತಾ ಅವನ ಮುಖ ನೋಡುತ್ತಿದ್ದರು.

"ನೋಡಿದ್ದೇನೆ" ಎಂದ ಗುರುದತ್ತ, "ಪರಿಚಯ ಅಂತ ಹೇಳೋ ಯೋಗ್ಯತೆ ನನಗಿಲ್ಲ."

ಇಮ್ತಿಯಾಜ್ ಇದೇನೋ ತಮಾಷೆಯೆಂದುಕೊಂಡು ನಕ್ಕ. ಮೊರಿತಾ ನಗಲಿಲ್ಲ. ಫೋಟೊವನ್ನು ಮುಂದಿನವರ ಕೈಗೆ ದಾಟಿಸಿದರು.